ಬೋನುಗಳ ಮರ

ಕಾರಿನ ಬಾಗಿಲಿಂದ ಕಟ್ಟೆಯ ತುದಿಗೆ ನೂರಾ ನಲವತ್ತು ಹೆಜ್ಜೆ.
ಹೋದ ವರ್ಷ ಎಣಿಸಿದ್ದೆ. ಈ ವರ್ಷ ಕಟ್ಟೆ ಬೆಳೆದಿದೆ.
ಆನ್ಸೆಲ್ಮ್ ನನ್ನ ತೋಳು ಹಿಡಿಯುವುದಿಲ್ಲ,
ಹಿಡಿದರೆ ಬೈಯುತ್ತೇನೆಂದು ಗೊತ್ತು;
ಅರ್ಧ ಹೆಜ್ಜೆ ಹಿಂದೆ, ಜೇಬಿನಲ್ಲಿ ಕೈ,
ಏನೂ ಅರಿಯದವನ ಹಾಗೆ ಸಿಳ್ಳೆ ಹಾಕುತ್ತ ಬರುತ್ತಾನೆ.

ಇಪ್ಪತ್ತಾರು ವರ್ಷ ಮೀನು ಕಾರ್ಖಾನೆಯ
ಒದ್ದೆ ನೆಲದ ಮೇಲೆ ನಿಂತವಳು ನಾನು.
ಬೆನ್ನು ಅದನ್ನೆಲ್ಲ ಬರೆದಿಟ್ಟುಕೊಂಡಿದೆ
ಕಿರಾಣಿ ಅಂಗಡಿಯ ಉದ್ರಿ ಪುಸ್ತಕದಂತೆ.
ಒಂದರಿಂದ ಹತ್ತರೊಳಗೆ ಎಷ್ಟು, ಕೇಳುತ್ತಾಳೆ ಡಾಕ್ಟರು.
ಆರು, ಅಂತೀನಿ. ಆರು ಅಂದರೆ
ಚಹಾದ ಕೆಟಲು ಎರಡು ಕೈಯಲ್ಲಿ. ಆರು ಅಂದರೆ
ಒಂದು ಕಾಲುಚೀಲಕ್ಕೆ ಕಾಲು ಗಂಟೆ.
ಆರು ಒಂದು ಊರು; ಹನ್ನೊಂದು ವರ್ಷದಿಂದ
ನಾನಲ್ಲಿ ವಾಸ.

ಕಟ್ಟೆಯ ತುದಿಯಲ್ಲಿ ಕ್ರಿಸ್‌ಮಸ್ ಮರ. ಮರವೇನಲ್ಲ,
ಲಾಬ್‌ಸ್ಟರ್ ಹಿಡಿಯುವ ಇನ್ನೂರು ಬೋನುಗಳನ್ನು
ಒಂದರ ಮೇಲೊಂದು ಪೇರಿಸಿದ್ದು.
ಗಟ್ಟಿ ಬೋನುಗಳೆಲ್ಲ ಈಗ ಅಟ್ಲಾಂಟಿಕ್ಕಿನ ತಳದಲ್ಲಿ ದುಡಿಯುತ್ತಿವೆ;
ಇಲ್ಲಿರುವವು ಸರಳು ಬಾಗಿದವು, ಬಲೆ ಹರಿದವು,
ಪಿಂಚಣಿಗೆ ಬಂದವು.
ಒಂದೊಂದಕ್ಕೂ ಒಂದು ಬಣ್ಣದ ತೇಲುಗುಂಡು,
ಮನೆಮನೆಯವರು ಬರೆದ ಹೆಸರು:
ಮುಳುಗಿದವರದು, ಹೊಸದಾಗಿ ಹುಟ್ಟಿದವರದು,
ಲೆಯೋನಿಯ ನಾಯಿಯದೂ ಒಂದು.

ಆರು ಗಂಟೆಗೆ ದೀಪ ಹೊತ್ತಬೇಕಿತ್ತು. ಹೊತ್ತಲಿಲ್ಲ.
ಎಲ್ಲೋ ಒಂದು ಬಲ್ಬು ಸತ್ತಿದೆ, ಅದರ ಹಿಂದೆ ಸಾಲಿಗೆ ಸಾಲೇ.
ಬಾಝೀಲ್ ಏಣಿಯ ಮೇಲೆ. ಕೆಳಗೆ ಊರಿಗೆ ಊರೇ ಎಲೆಕ್ಟ್ರಿಷಿಯನ್ನು:
"ಎಡಕ್ಕೆ ನೋಡು." "ನಿನ್ನ ಎಡ ಅಲ್ಲ ಮಾರಾಯ, ನನ್ನ ಎಡ."
ನನ್ನ ಬೆನ್ನುಹುರಿಯಲ್ಲೂ ಹೀಗೇ ಹುಡುಕಿದ್ದರು,
ಮೂರು ಸ್ಕ್ಯಾನು, ಸಿಗಲಿಲ್ಲ.
ಉಪ್ಪುಗಾಳಿ. ಸೊಂಟದಲ್ಲಿ ಆರು ಏಳಾಯಿತು.
ಮನೆಗೆ ಹೋಗೋಣವೇ ಎಂದು ಆನ್ಸೆಲ್ಮ್ ಕೇಳುವುದಿಲ್ಲ.
ಸಿಳ್ಳೆ ಮಾತ್ರ ನಿಂತಿದೆ.

ಎಲೋಯಿ, ಈ ವರ್ಷವಷ್ಟೇ ದೋಣಿ ಹತ್ತಿದ ಹುಡುಗ,
ನೀಲಿ ಮೀನುಪೆಟ್ಟಿಗೆಯೊಂದನ್ನು ಎಳೆದುತಂದು ಬೋರಲು ಹಾಕಿದ,
ಮೇಲೆ ತನ್ನ ಜಾಕೆಟ್ಟು. ನನ್ನ ಕಡೆ ನೋಡಲೂ ಇಲ್ಲ.
ಕೂತೆ. ಕೂತಾಗ ಗೊತ್ತಾಯಿತು,
ಇಷ್ಟು ವರ್ಷ ಈ ಮರವನ್ನು ತಪ್ಪು ಎತ್ತರದಿಂದ ನೋಡಿದ್ದೆ.
ಕೆಳಗಿನ ಸಾಲು ಮಕ್ಕಳದು.
ಒಂದು ಬೋನಿನೊಳಗೆ ದನದ ಕೊಟ್ಟಿಗೆ,
ಕಡಲು ತಂದೆಸೆದ ಕಟ್ಟಿಗೆಯ ಜೋಸೆಫ್, ಕಪ್ಪೆಚಿಪ್ಪಿನ ಕುರಿಗಳು,
ಮೇರಿಗೆ ಹೊದಿಕೆ ಯಾರದೋ ಒಂಟಿ ಉಣ್ಣೆಗವಸು.
ಹುಲ್ಲಿನ ಮೇಲೆ ಕೂಸು ಇರಬೇಕಾದಲ್ಲಿ
ಪ್ಲಾಸ್ಟಿಕ್ಕಿನ ಲಾಬ್‌ಸ್ಟರ್, ಕೆಂಪು ಟೋಪಿ ಹಾಕಿಕೊಂಡು,
ಎರಡೂ ಕೊಂಡಿ ಎತ್ತಿ ಲೋಕವನ್ನು ಹರಸುತ್ತಿದೆ.
ನಕ್ಕೆ. ನಕ್ಕರೆ ಪಕ್ಕೆ ಹಿಡಿಯುತ್ತದೆ.
ಹಿಡಿಯಲಿ ಎಂದು ಇನ್ನೊಮ್ಮೆ ನಕ್ಕೆ.

ಅಷ್ಟರಲ್ಲಿ ಹೊತ್ತಿತು,
ಬುಡದಿಂದ, ತಡವರಿಸುತ್ತ, ಸಾಲು ಹತ್ತಿ ಸಾಲು:
ಕೆಂಪು, ಹಳದಿ, ಸತ್ತವರು, ಹುಟ್ಟಿದವರು, ನಾಯಿ.
ನೀರಿನಲ್ಲಿ ಇನ್ನೊಂದು ಮರ, ತಲೆಕೆಳಗು,
ಅಲೆ ಬಂದಾಗೆಲ್ಲ ಮುರಿದು ಕೂಡಿಕೊಳ್ಳುತ್ತ.
ಯಾರೋ ಫಿಡಲು ಹಿಡಿದರು, ಚಳಿಗೆ ಶ್ರುತಿ ಇಳಿದದ್ದು.
ನೋವು ಹೋಯಿತೆಂದು ಹೇಳಲಾರೆ. ಅದೂ ಬಂದಿತ್ತು,
ಜಾಕೆಟ್ಟಿನ ಅರ್ಧ ಅದಕ್ಕೇ.
ನಾಳೆ ಇಡೀ ದಿನ ಹಾಸಿಗೆ, ನಾಡಿದ್ದೂ ಇರಬಹುದು.
ಲೆಕ್ಕ ಹಾಕಿಯೇ ಮನೆ ಬಿಟ್ಟಿದ್ದೆ.

ಏಳುವ ಹೊತ್ತು. ಒಂದು ಕೈ ಆನ್ಸೆಲ್ಮ್, ಇನ್ನೊಂದು ಎಲೋಯಿ;
ಬೋನೆಳೆಯುವವರ ಕೂಗು ತೆಗೆದರು, ಒಂದು, ಎರಡು, ಹೋ!
ಮೇಲೆ ಬಂದೆ, ಕಣ್ಣಿಂದ ನೀರು ಸೋರಿಸುತ್ತ.
ಬಾಝೀಲ್ ಏಣಿಯಿಂದ ಕೇಳಿದ, "ಏನು ಸಿಕ್ಕಿತ್ರೋ?"
ಅವರು ಬಾಯಿ ತೆರೆಯುವ ಮೊದಲು ನಾನೇ ಅಂದೆ:
"ಅಳತೆಗೆ ಸಾಲದು ಮಾರಾಯ. ವಾಪಸು ನೀರಿಗೆ ಬಿಡಿ,
ಬರುವ ವರ್ಷ ನೋಡೋಣ."