ಖಾರದ ಹಿಂದಿನ ಪಾಳಿ

ಹಳೇ ಹುಬ್ಬಳ್ಳಿಯ ನಮ್ಮ ಗಿರಣ್ಯಾಗ
ಇದ್ದದ್ದು ಒಂದೇ ಕಲ್ಲು.
ಪಾಳಿಗೆ ನಿಲ್ಲತಿದ್ದವು ಮಂದಿಯಲ್ಲ, ಡಬ್ಬಿ.
ಮುಚ್ಚಳದ ಕೆಳಗ ಗೋದಿಯೋ, ಜ್ವಾಳವೋ,
ಬ್ಯಾಡಗಿ ಮೆಣಸಿನಕಾಯಿಯೋ
ಡಬ್ಬಿ ಬಾಯಿಬಿಟ್ಟು ಹೇಳೂದಿಲ್ಲ.

ಖಾರ ಬೀಸಿದ ಮ್ಯಾಲ ಕಲ್ಲಿಗೆ ನೆನಪು ಜಾಸ್ತಿ.
ಹಿಂದ ಬಂದವರ ರೊಟ್ಟಿ ಉರೀತೈತಿ,
ಕೂಸಿನ ಗಂಜಿ ಉರೀತೈತಿ,
ಬೀಸಿಸಿಕೊಂಡು ಹೋದವರು ಮನ್ಯಾಗ ತಣ್ಣಗ.

ಅಪ್ಪ ಹಲಿಗಿ ಮ್ಯಾಲ ಸುಣ್ಣದ ಕಡ್ಡೀಲೆ ಬರದ:
ಖಾರಕ್ಕ ಮಂಗಳವಾರ ಮಾತ್ರ.
ಬುಧವಾರ ಅರ್ಧ ಓಣಿಗೆ
ಲಗ್ನದ ಅವಸರ ಹುಟ್ಟಿತು.

ಅಳಿಸಿ ಬರದ: ದಂಡ ಐದು ರೂಪಾಯಿ.
ಅಲ್ಲೀತನಕ "ತಪ್ಪಾತ್ರಿ ಅಣ್ಣಾರ" ಅಂತ
ಸೆರಗು ಹಿಂಡಿಕೋತ ನಿಲ್ಲತಿದ್ದ ಸುಭದ್ರಾಬಾಯಿ
ಐದರ ಬಿಲ್ಲಿ ಟಣ್ಣಂತ ಒಗದು
ತಲಿ ಎತ್ತಿ ನಡದಳು.
ನಾಚಿಕಿಗೆ ದರ ಹಚ್ಚಿದಾಂವ ಅಪ್ಪ;
ಅದು ಅಷ್ಟು ಸಸ್ತಾ ಅಂತ
ಆಕಿಗೂ ಮೊದಲ ಗೊತ್ತಿರಲಿಲ್ಲ.

ಮತ್ತ ಅಳಿಸಿದ:
ಖಾರದ ಹಿಂದ ನಿಂತವರಿಗೆ ಬೀಸೂದು ಪುಕ್ಕಟೆ.
ಒಂದು ವಾರ ಎಲ್ಲಾ ಸುರಳೀತ.
ಆಮ್ಯಾಲ ಗುರುಸಿದ್ದನ ಅವ್ವ ತಂದಳು
ಪಾವು ಮೆಣಸಿನಕಾಯಿ.
ಆಕಿ ಹಿಂದ ಗುರುಸಿದ್ದ, ಹೆಗಲ ಮ್ಯಾಲ
ಅರ್ಧ ಚೀಲ ಗೋದಿ.
ಮೊದಲ ಬೊಗಸಿ ಖಾರ, ಉಳಿದದ್ದೆಲ್ಲಾ ಲಾಭ.
ತಾಯಿ ಮಗ ಒಬ್ಬರನ್ನೊಬ್ಬರು ನೋಡಲೇ ಇಲ್ಲ,
ಆ ದಿನ ಅಷ್ಟು ಗುರುತಿಲ್ಲದವರು.

ರಾತ್ರಿ ಕಲ್ಲು ಬಿಚ್ಚಿ, ಉಳಿ ಹಿಡದು ಕುಂತ ಅಪ್ಪ ಅಂದ:
"ಕಲ್ಲಿಗೆ ಹಲ್ಲು ಕಡಿಯಾಕ ಬರತೈತಿ ನನಗ,
ಹಲಿಗಿ ಮ್ಯಾಲಿನ ಮಾತಿಗೆ ಬರವಲ್ದು."

ಮರುದಿನ ಮೂಲ್ಯಾಗ
ಕಡ್ಲಿಬ್ಯಾಳಿ ಡಬ್ಬಿ ಅವಚಿಕೊಂಡು
ಮಿರ್ಚಿ ಗಾಡಿಯ ಚಾಂದಬಿ ಅಂದಳು,
"ನನ್ನ ಡಬ್ಬಿ ದಿನಾ ಖಾರದ ಹಿಂದ ಇಡ್ರಿ.
ಹಿಟ್ಟಿಗೆ ನಾ ಕಲಸೂ ಖಾರ ಅಷ್ಟು ಉಳೀತೈತಿ."

"ಇಷ್ಟು ವರ್ಷ ಯಾಕ ಹೇಳಲಿಲ್ಲವಾ?"

"ಹಲಿಗಿ ತುಂಬ ಹೇಳೂ ಮಾತ ಇದ್ವು ಅಣ್ಣಾರ,
ಕೇಳೂ ಮಾತು ಒಂದೂ ಇರಲಿಲ್ಲ."

ಹಲಿಗಿ ಈಗ ಅಟ್ಟದ ಮ್ಯಾಲ
ಬೆಳ್ಳಗ ಮಬ್ಬುಮಬ್ಬು.
ಚಾಂದಬಿ ತವರಿಗೆ, ಸವಣೂರಿಗೆ ಹೋದ ದಿನ ಮಾತ್ರ
ಖಾರದ ಬೆನ್ನಿಗೆ
ನಮ್ಮ ಮನಿ ಜ್ವಾಳ ತಾನ ಸುರುವತಿದ್ದ ಅಪ್ಪ,
ಯಾರಿಗೂ ಹೇಳದ.

ಆ ರಾತ್ರಿ ಎಲ್ಲಾರ ಕಣ್ಣಾಗ ಮೂಗಿನ್ಯಾಗ ನೀರು.
ಅವ್ವ ಮೊಸರು ನೀಡಕೋತ ಕೇಳತಿದ್ದಳು:
"ಇವತ್ತ ಯಾರ ಪಾಳಿ ಇದು?"
ಅಪ್ಪ ಸುಮ್ಮನ
ಇನ್ನೊಂದು ರೊಟ್ಟಿ ಮುರೀತಿದ್ದ.