ಖಾಲಿ ತೂಕ

ಹತ್ತೊಂಬತ್ತು ವರ್ಷದಿಂದ ಕುಷ್ಟಗಿ ರಸ್ತೆಯ ಕಾಟಾದಲ್ಲಿ ಕೂತಿದ್ದೇನೆ.
ಲಾರಿ ಹತ್ತುತ್ತದೆ, ಕೆಂಪು ಅಂಕಿ ಓಡಿ ಓಡಿ ನಿಲ್ಲುತ್ತದೆ.
ತುಂಬಿದ ತೂಕ, ಖಾಲಿ ತೂಕ, ಕಳೆದರೆ ಕಲ್ಲು.
ಚೀಟಿ ಹರಿದು ಕೊಡುತ್ತೇನೆ.
ಕಲ್ಲನ್ನು ಮಾತ್ರ ಯಾವತ್ತೂ ಮುಟ್ಟಿರಲಿಲ್ಲ.

ಐವತ್ತು ತುಂಬಿದ ವಾರ ಏನನ್ನಿಸಿತೋ,
ಹದ್ದಿನಗುಂಡು ಏರುತ್ತೇನೆ ಅಂದೆ.
ಮನೆಯಲ್ಲಿ ನಕ್ಕರು. ಮೊಣಕಾಲು ನಗಲಿಲ್ಲ.

ನಸುಕಿನಲ್ಲಿ, ಹಿರೇಬೆಣಕಲ್ಲಿನ ತಿರುವಿಗೆ ಯಮನೂರಪ್ಪ ಬಂದ,
ಕೊರಳಲ್ಲಿ ಪ್ಲಾಸ್ಟಿಕ್ಕು ಹೊದ್ದ ಕಾರ್ಡು,
ಕಾರ್ಡಿನ ಫೋಟೋದಲ್ಲಿ ಉಣ್ಣೆಟೋಪಿ, ಹಿಂದೆ ಹಿಮ.
"ಇಪ್ಪತ್ತೆಂಟು ದಿನ ಅಲ್ಲಿದ್ದೆ ರೀ ಅಕ್ಕಾರ,
ಪರೀಕ್ಷಾ ಹಿಂದಿಯೊಳಗ.
ಜೋಳದ ರೊಟ್ಟಿ ಸಿಗಲಿಲ್ಲ, ಸರ್ಟಿಫಿಕೇಟ್ ಸಿಕ್ತು."
ಎಡಗಾಲ ಕಿರುಬೆರಳಿಗೆ ಇನ್ನೂ ಸ್ಪರ್ಶ ಬಂದಿಲ್ಲವಂತೆ.
ಹಿಮ ಅಷ್ಟನ್ನು ಇಟ್ಟುಕೊಂಡಿತು.

ನಡುವಿಗೆ ಪಟ್ಟಿ ಬಿಗಿದು ಎರಡು ಸಲ ಎಳೆದು ನೋಡಿದ.
"ಈ ಹಗ್ಗ ಎಷ್ಟು ತಡೀತದ?"
"ಎರಡು ಟನ್ನಿನ ಮ್ಯಾಲ ರೀ."
ತಲೆಯಲ್ಲೇ ಕಳೆದೆ. ಎಪ್ಪತ್ತೊಂದು ಕಿಲೋ ನಾನು,
ಉಳಿದದ್ದು ಯಾರಿಗೆ?

ಕೈಯಿಡುವ ಮೊದಲು ಬೆರಳ ಗೆಣ್ಣಿನಿಂದ ಬಡಿಯುತ್ತಾನೆ,
ಒಳಗೆ ಯಾರೋ ಮಲಗಿರುವ ಹಾಗೆ, ಮೆಲ್ಲಗೆ.
ಟಣ್ ಎಂದರೆ ಹಿಡಿ.
ಬೊದ್ ಎಂದರೆ ಬಿಡು, ಅದು ಸೀಳಿದೆ.
"ಇದನ್ನ ಅಲ್ಲಿ ಕಲಿಸಿದರೇನು?"
"ಇಲ್ಲ ರೀ, ನಮ್ಮಪ್ಪ. ಕ್ವಾರಿಯೊಳಗ ಉಳಿ ಹೊಡೀತಿದ್ದ.
ಎಲ್ಲಿ ಒಡೀತದ ಅಂತ ಅಂವ ಕೇಳ್ತಿದ್ದ,
ಎಲ್ಲಿ ಒಡಿಯಂಗಿಲ್ಲ ಅಂತ ನಾ ಕೇಳ್ತೀನಿ.
ಸದ್ದು ಒಂದ."

ಎಂಟಕ್ಕೇ ಬಂಡೆ ಕಾದ ಹಂಚು.
ಕೆನ್ನೆ ಒತ್ತಿ ನಿಂತೆ, ಬೇರೆ ದಾರಿಯಿರಲಿಲ್ಲ.
ದೂರದಿಂದ ಒಂದೇ ಬಣ್ಣ ಅಂದುಕೊಂಡದ್ದು,
ನುಚ್ಚಕ್ಕಿ, ಉಪ್ಪಿನ ಹರಳು, ಹಳೆ ಗಾಯದಂಥ ಚುಕ್ಕಿ.
ಒಂದು ಇರುವೆ ನನ್ನನ್ನು ದಾಟಿ ಮೇಲೆ ಹೋಯಿತು,
ಹಗ್ಗವಿಲ್ಲದೆ.

ತುದಿಗೆ ಇನ್ನು ನಲವತ್ತಡಿ. ಅವನು ಕೈ ಎತ್ತಿದ.
ಚಾಚಿದ ಕಲ್ಲಿನ ಕೆಳಗೆ ಕಂಬಳಿ ಒಣಹಾಕಿದಂತೆ ಹೆಜ್ಜೇನು.
ನೋಡುತ್ತಿದ್ದ ಹಾಗೆ ಕಂಬಳಿ ಉಸಿರೆಳೆಯಿತು.
"ಮೊನ್ನೆ ಇರಲಿಲ್ಲ ರೀ. ಇಳಿಯೋಣು."
"ಸುತ್ತಿ ಹೋದರ?"
"ಹಗ್ಗದ ಮ್ಯಾಲ ಇದ್ದವರಿಗೆ ಓಡಾಕ ಬರಂಗಿಲ್ಲ."
ಸಿಟ್ಟು ಬಂತು. ಕೊಟ್ಟ ದುಡ್ಡು, ಹಾಕಿದ ರಜೆ, ಮನೆಯವರ ನಗು.
ಸಮಾಧಾನಕ್ಕೆಂದು ಅವನು ಅಂದ,
"ಕಲ್ಲು ಎಲ್ಲೂ ಹೋಗಂಗಿಲ್ಲ ರೀ ಅಕ್ಕಾರ. ಮತ್ತ ಬರೋಣು."

ನಾನು ಮಾತಾಡಲಿಲ್ಲ.
ಅಲ್ಲಿಂದ ಕಾಣುತ್ತಿತ್ತು ಬಡಗಣ ದಿಕ್ಕಿಗೆ ಅರ್ಧ ಗುಡ್ಡ,
ಬೆಲ್ಲದ ಪೆಂಟಿಯನ್ನು ಕುಡುಗೋಲಲ್ಲಿ ಕೆತ್ತಿದ ಹಾಗೆ.
ಉಳಿದರ್ಧ ಎಲ್ಲಿ ಹೋಯಿತೆಂದು ನನಗೆ ಗೊತ್ತು,
ತಾರೀಖು ಸಮೇತ, ಲಾರಿ ನಂಬರು ಸಮೇತ.
ನನ್ನ ಕೈಬರಹದಲ್ಲೇ ಹೋಗಿದೆ.

ಇಳಿಯುವಾಗ ನಾನು ಕೆಳಗೆ, ಅವನು ಮೇಲೆ,
ಗೇಣು ಗೇಣು ಹಗ್ಗ ಬಿಡುತ್ತ.
ಎಪ್ಪತ್ತೊಂದು ಕಿಲೋ ಅವನ ಅಂಗೈಯಲ್ಲಿ,
ಯಾರೂ ಚೀಟಿ ಬರೆಯಲಿಲ್ಲ.

ಸೋಮವಾರ, ಮೊದಲ ಲಾರಿ, ಹತ್ತು ಗಾಲಿ, ಒಂದೇ ದಿಮ್ಮಿ.
ಗುಲಾಬಿ ಕಲ್ಲು, ನಾಲ್ಕೂ ಬದಿಗೆ ಡ್ರಿಲ್ಲಿನ ಗೆರೆ.
ಕುರ್ಚಿ ಬಿಟ್ಟು ಎದ್ದೆ.
ಮೂರು ಊರಿ ಒಂದನ್ನೇ ಸರಿಸಬೇಕು, ಅವನು ಹೇಳಿದ್ದು,
ಗಾಲಿ, ಕೊಂಡಿ, ಹಲಗೆ,
ಏರಿ ನಿಂತು ಗೆಣ್ಣಿನಿಂದ ಬಡಿದೆ.
ಟಣ್.

ಡ್ರೈವರ್ ಮೊಬೈಲಿನಿಂದ ತಲೆ ಎತ್ತಿದ,
"ಏನ್ ಹುಡುಕಾಕತ್ತೀರಿ ಮೇಡಂ?"
ಕಾಟಾದ ಮೇಲೆ ನಾನೂ ಇದ್ದೆನಲ್ಲ,
ಕಿಟಕಿಯೊಳಗೆ ಕೆಂಪು ಅಂಕಿ
ಎಪ್ಪತ್ತು ಕಿಲೋ ಹೆಚ್ಚು ತೋರಿಸಿ ನಿಂತಿತ್ತು.
ಇಳಿಯುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು.