ಡೊಂಕು ಬೇರು

ಕಾಣಿಕೆ ಡಬ್ಬಿ ಒಡೆದವನು ಐಲಿಫನೇ ಎಂದು
ಮೊದಲು ಹೇಳಿದವನು ನಾನು.
ಪ್ರಾರ್ಥನಾ ಮಂದಿರದ ಲೆಕ್ಕ ಬರೆಯುವವನು ನಾನಲ್ಲವೆ?
ಇನ್ನೂರ ಹದಿನಾಲ್ಕು ಕ್ರೋನ, ಯಾರೋ ಹಾಕಿದ ಒಂದು ಕೋಟಿನ ಗುಂಡಿ.
ಗುಂಡಿಯನ್ನು ಮಾತ್ರ ಬಿಟ್ಟು ಹೋಗಿದ್ದ.

ಹದಿನೇಳರ ಹುಡುಗ.
ತಾಯಿಗೆ ಓಡ್ಡದ ಸತುವಿನ ಕಾರ್ಖಾನೆಯಲ್ಲಿ ರಾತ್ರಿ ಪಾಳಿ,
ತಂದೆ ಯಾರೆಂದು ಊರಿಗೆ ಗೊತ್ತು, ಅವನಿಗೆ ಗೊತ್ತಿಲ್ಲ.
ಏನು ಕೇಳಿದರೂ ಕಣ್ಣು ನೆಲದಲ್ಲಿ, ಉತ್ತರ ಭುಜದಲ್ಲಿ.
ಗಿಡವಾಗಿ ಬಗ್ಗದ್ದು, ಎಂದು ನಾನು ಸಭೆಯಲ್ಲಿ ಶುರುಮಾಡಿದೆ.
ಹಿಂದಿನ ಬೆಂಚಿನಲ್ಲಿ ಸಿಗ್ನೆ ಎದ್ದಳು, ಮೊಣಕಾಲು ಲಟಕ್ಕೆಂದಿತು:
"ಬಗ್ಗಿದ್ದೇ ನನಗೆ ಬೇಕು. ಕಳಿಸಿ."

ದೋಣಿ ಕಟ್ಟುವವಳು.
ಎಡಗೈಯ ಎರಡು ಬೆರಳನ್ನು ಗರಗಸಕ್ಕೆ ಕೊಟ್ಟು
ಉಳಿದ ಎಂಟರಲ್ಲಿ ಐವತ್ತು ವರ್ಷ ದುಡಿದವಳು.

ಅಕ್ಟೋಬರಿನಲ್ಲಿ ಅವನನ್ನು ಗುಡ್ಡಕ್ಕೆ ಕರೆದೊಯ್ದಳು.
ನಾನೂ ಹೋದೆ, ಗುದ್ದಲಿ ಹೊರಲು ಎಂದು ಹೇಳಿ,
ನಿಜಕ್ಕೂ ಕಾವಲಿಗೆ.
ನೆಟ್ಟಗೆ ನಿಂತ ಮರಗಳ ನಡುವೆ ಹಾದಳು
ಸಂತೆಯಲ್ಲಿ ಏನೂ ಕೊಳ್ಳುವ ಮನಸ್ಸಿಲ್ಲದವಳ ಹಾಗೆ.
ಬಂಡೆಯ ಸಂದಿಯಲ್ಲಿ, ಗಾಳಿಗೆ ಬೆನ್ನು ಕೊಟ್ಟು
ಕುಕ್ಕರಗಾಲಲ್ಲಿ ಬೆಳೆದ ಒಂದು ಪೈನ್ ಮರ.
ಅದರ ಬುಡದಲ್ಲಿ ಮಂಡಿಯೂರಿದಳು.
ಪ್ರಾರ್ಥನೆಯೆಂದುಕೊಂಡು ನಾನು ಟೋಪಿ ತೆಗೆದೆ.
ಅವಳು ಪಾಚಿಯೊಳಗೆ ಕೈಯಿಟ್ಟು ಬೇರು ತಡವುತ್ತಿದ್ದಳು
ಕಣ್ಣಿಲ್ಲದವರು ಮುಖ ತಡವಿ ಗುರುತು ಹಿಡಿಯುವಂತೆ.

"ಇಲ್ಲಿ ಕೈ ಇಡು," ಎಂದಳು ಹುಡುಗನಿಗೆ.
"ಕಾಂಡ ಬೇರಿನ ಕಡೆ ತಿರುಗುವ ಈ ಮೊಣಕೈ ಇದೆಯಲ್ಲ,
ಇದು ದೋಣಿಯ ಪಕ್ಕೆಲುಬು.
ನೇರ ಹಲಗೆಯಲ್ಲಿ ಆ ಬಾಗನ್ನು ಕೊಯ್ದರೆ
ಮೊದಲ ಅಲೆಗೇ ಎಳೆ ಬಿಡುತ್ತದೆ.
ಇದರ ಎಳೆ ಎಲ್ಲೂ ತುಂಡಾಗಿಲ್ಲ.
ಇದು ಬಾಗಿದ್ದು ಬದುಕುವುದಕ್ಕೆ."

ಹುಡುಗ ಏನೂ ಹೇಳಲಿಲ್ಲ. ಅಗೆದ.
ಕತ್ತಲಾಗುವವರೆಗೂ ಅಗೆದ.

ನಡುವೆ ಬುತ್ತಿ ಬಿಚ್ಚಿದಾಗ ನಾನು ಕೇಳಿದೆ,
ಮಣ್ಣೊಳಗಿನದು ನಿನಗೆ ಹೇಗೆ ಕಾಣುತ್ತದೆ?
ರೊಟ್ಟಿಗೆ ಕಂದು ಚೀಸು ಇಡುತ್ತ ಹೇಳಿದಳು:
"ಕಾಣುವುದಿಲ್ಲ. ನಂಬಿ ಅಗೆಯುತ್ತೇನೆ.
ಎಷ್ಟೋ ಸಲ ಕೊಳೆತದ್ದೇ ಸಿಕ್ಕಿದೆ.
ಸೀಮೋನನನ್ನು ಆತ ಬಂಡೆ ಎಂದು ಕರೆದಾಗ
ಸೀಮೋನ ಬಂಡೆಯಾಗಿದ್ದನೇ? ಮರಳು. ಬರೀ ಮರಳು.
ಕೋಳಿ ಕೂಗುವಷ್ಟರಲ್ಲಿ ಮೂರು ಸಲ ಕುಸಿದ.
ಆದರೂ ಆತ ಕೊಟ್ಟ ಹೆಸರನ್ನು ಹಿಂದಕ್ಕೆ ಕೇಳಲಿಲ್ಲವಲ್ಲ."

ಇಲ್ಲಿಗೇ ಮುಗಿದಿದ್ದರೆ ಭಾನುವಾರದ ಪಾಠವಾಗುತ್ತಿತ್ತು.
ಆ ಚಳಿಗಾಲ ಐಲಿಫ್ ಅವಳ ಎರಡು ಉಳಿ ಮಾರಿ ಬರ್ಗನ್ನಿಗೆ ಓಡಿದ.
ನಾನು ಹೇಳಿರಲಿಲ್ಲವೇ, ಎಂದೆ.
ಆ ಮಾತು ಆಡುವ ರುಚಿಯೇ ಬೇರೆ.
ಅವಳು ಬೇರನ್ನು ಶೆಡ್ಡಿನ ಉತ್ತರದ ಮೂಲೆಯಲ್ಲಿಟ್ಟು
ಅವಸರಕ್ಕೆ ಒಣಗಿದರೆ ಸೀಳುತ್ತದೆಂದು ಒದ್ದೆ ಗೋಣಿ ಹೊದಿಸಿದಳು.
ಮೇಲೆ ಸೀಮೆಸುಣ್ಣದಲ್ಲಿ ಅವನ ಹೆಸರು.

ಮಾರ್ಚಿನಲ್ಲಿ ಬಂದ. ಉಳಿಗಳು ಬರಲಿಲ್ಲ.
ಪಾದ್ರಿಯ ಕಿವಿಗೆ ಬೀಳಬಾರದ ಮಾತುಗಳಲ್ಲಿ ಬೈದಳು,
ಬೈದು ಮುಗಿದ ಮೇಲೆ ಕೈಗೆ ಬಾಚಿ ಕೊಟ್ಟಳು.

ಈಗ ಆ ದೋಣಿಯಲ್ಲಿ ನಾನೇ ಕುಳಿತಿದ್ದೇನೆ,
ಎದುರಿಗೆ ಅವಳ ಪೆಟ್ಟಿಗೆ,
ಫ್ಯೋರ್ಡಿನ ಆಚೆ ದಡದ ಸ್ಮಶಾನಕ್ಕೆ.
ಹುಟ್ಟು ಐಲಿಫನ ಕೈಯಲ್ಲಿ. ಇವತ್ತಿಗೂ ಮಾತು ಕಡಿಮೆ.
ಅಲೆ ಬಡಿದಾಗೆಲ್ಲ ಪಕ್ಕೆಲುಬು ಒಮ್ಮೆ ನರಳಿ, ಹಿಡಿದು ನಿಲ್ಲುತ್ತದೆ.
ನನ್ನ ಬೂಟಿನ ಬಳಿ ಸ್ವಲ್ಪ ನೀರು ಒಸರುತ್ತದೆ.
ಮೊಗೆದು ಚೆಲ್ಲಲು ಒಂದು ತಗಡಿನ ಡಬ್ಬಿ, ಬೀಗ ಮುರಿದದ್ದು.
ಯಾರು ತಂದಿಟ್ಟರೋ, ನಾನು ಕೇಳಲಿಲ್ಲ.

ಒಮ್ಮೆ ತಮಾಷೆಗೆಂಬಂತೆ ಕೇಳಿದ್ದೆ,
ನನ್ನಲ್ಲಿ ನಿನಗೆ ಏನು ಕಾಣುತ್ತದೆ, ಸಿಗ್ನೆ?
ಕನ್ನಡಕ ಹಣೆಗೇರಿಸಿ ಬಹಳ ಹೊತ್ತು ನೋಡಿದಳು.
"ನಿನ್ನದು ಇನ್ನೂ ನೆಲದೊಳಗಿದೆ."
ಆಗ ನನಗೆ ಅರವತ್ತೊಂದು. ಸಿಟ್ಟಿನಲ್ಲಿ ಮನೆಗೆ ನಡೆದಿದ್ದೆ.

ದಡದಲ್ಲಿ ಸಮಾಧಿ ತೋಡುವವರು ಕಾಯುತ್ತಿದ್ದಾರೆ.
ನಾನೂ ಒಂದು ಗುದ್ದಲಿ ತಂದಿದ್ದೇನೆ.
ಐಲಿಫ್ ಅದನ್ನು ನೋಡಿದ, ಏನೂ ಕೇಳಲಿಲ್ಲ,
ಕಾಲು ಸರಿಸಿ ಜಾಗ ಮಾಡಿಕೊಟ್ಟ.